ಹೊರಗಿನವರ ವಕೀಲಮ್ಮ

ನಗಬೇಕು ಅಂತ ಯಾರೂ ವಕೀಲರ ಹತ್ತಿರ ಬರುವುದಿಲ್ಲ. ಆದರೂ ನನ್ನ ಆಫೀಸಿಗೆ ಅಳುತ್ತ ಬಂದವರು ಹೋಗುವಾಗ ನನ್ನನ್ನು ನಗಿಸಿ ಹೋಗುತ್ತಾರೆ. ಇದು ಎಷ್ಟು ವರ್ಷವಾದರೂ ನಿಂತಿಲ್ಲ.

ಹೊನ್ನಾವರದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಬೇಕರಿಯ ಮಾಳಿಗೆಯ ಮೇಲೆ ನನ್ನ ಆಫೀಸು. ಕೇಸು ಭಟ್ಕಳದಿಂದಲೂ ಬರುತ್ತದೆ, ಕುಮಟಾದಿಂದಲೂ ಬರುತ್ತದೆ. ಪಿಂಚಣಿ ನಿಂತುಹೋದವರು, ರೇಷನ್ ಕಾರ್ಡಿನಿಂದ ಹೆಸರು ಹಾರಿಹೋದವರು, ಬೇರೆ ಕಡೆಯಿಂದ ದುಡಿಯಲು ಬಂದು ಇಲ್ಲಿ ಸಿಕ್ಕಿಬಿದ್ದವರು, ಇಲ್ಲಿಂದ ದುಡಿಯಲು ಹೋಗಿ ಅಲ್ಲಿ ಸಿಕ್ಕಿಬಿದ್ದವರು. ಒಟ್ಟಿನಲ್ಲಿ ಒಂದು ಕಡೆ ಸರ್ಕಾರ, ಇನ್ನೊಂದು ಕಡೆ ಯಾರೂ ಇಲ್ಲದವರು, ಅವರ ಪಕ್ಕ ನಾನು. ನಮ್ಮ ಅತ್ತೆಗೆ ಇದು ಸರಿ ಕಾಣುವುದಿಲ್ಲ. "ಎಂತಕ್ಕೆ ಇದೆಲ್ಲ? ಜಮೀನಿನ ಕೇಸು ಹಿಡಿ. ಒಂದು ಹಿಡಿದ್ರೆ ನಿನ್ನ ಮೊಮ್ಮಕ್ಕಳೂ ಅದನ್ನೇ ನಡೆಸ್ಬಹುದು" ಅನ್ನುತ್ತಾರೆ.

ಹಿಂದಿ ಭಾಷಣ

ಕುಮಟಾದ ಆಚೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಅಲ್ಲಿ ಕೆಲಸಗಾರರನ್ನು ತಗಡಿನ ಶೆಡ್ಡಿನಲ್ಲಿ ತುಂಬಿದ್ದಾರೆ, ಕುಡಿಯುವ ನೀರಿಲ್ಲ, ಹೆಂಗಸರಿಗೆ ಪಾಯಿಖಾನೆಯಿಲ್ಲ ಅಂತ ಸುದ್ದಿ ಬಂತು. ಹೋಗಿ ಅವರಿಗೆ ಕಾನೂನು ತಿಳಿಸಿ ಬರೋಣ ಅಂತ ಸೂಪರ್‌ವೈಸರಿಗೆ ಫೋನು ಮಾಡಿದೆ. "ಬನ್ನಿ ಮೇಡಂ, ಆದ್ರೆ ಎಲ್ಲ ಹೊರಗಿನವರು" ಅಂದ.

ಹೊರಗಿನವರು ಅಂದ ಮೇಲೆ ಹಿಂದಿಯೇ ಆಗಬೇಕು. ನನ್ನ ಹಿಂದಿ ಶಾಲೆಯಲ್ಲಿ ಕಲಿತದ್ದು. ಅದರಲ್ಲಿ ಗಂಡು ಹೆಣ್ಣಿನ ಭೇದ ಉಳಿದಿರಲಿಲ್ಲ. ಎರಡು ಸಂಜೆ ಕನ್ನಡಿಯ ಮುಂದೆ ನಿಂತು ತಯಾರಿ ಮಾಡಿದೆ.

ಭಾಷಣ ಶುರುವಾಯಿತು. "ಆಪ್ ಲೋಗ್ ಡರೋ ಮತ್" ಅಂತ ಆರಂಭಿಸಿ, ನೀರಿನ ಹಕ್ಕು, ಶೆಡ್ಡಿನ ಹಕ್ಕು, ಅಪಘಾತವಾದರೆ ಪರಿಹಾರ, ಒಂದೊಂದನ್ನೂ ಬೆವರು ಒರೆಸಿಕೊಳ್ಳುತ್ತ ಹೇಳಿದೆ. ಶಬ್ದ ಸಿಗದಲ್ಲಿ ಕೈ ಆಡಿಸಿದೆ. ಪಾಯಿಖಾನೆಯ ವಿಷಯವಂತೂ ಪೂರ್ತಿ ಕೈಯಲ್ಲೇ ಆಯಿತು. ಅವರೆಲ್ಲ ಅಲುಗಾಡದೆ ಕೂತು ಕೇಳಿದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗೆಲ್ಲ ಚಪ್ಪಾಳೆ ಹೊಡೆದರು. ನನಗೋ ಇಷ್ಟು ಒಳ್ಳೆಯ ಸಭೆ ಜನ್ಮದಲ್ಲಿ ಸಿಕ್ಕಿಲ್ಲ ಅನ್ನಿಸಿತು.

ಕೊನೆಗೆ "ಕೋಯಿ ಸವಾಲ್?" ಅಂತ ಕೇಳಿದೆ. ಹಿಂದೆ ಕೂತಿದ್ದ ಹಿರಿಯನೊಬ್ಬ ಎದ್ದು ಕೈಮುಗಿದ. "ಮೇಡಮ್ಮಾರ, ನಾವು ಕೊಪ್ಪಳ ಕಡೆಯವ್ರು ರೀ. ಈಗ ಹೇಳಿದ್ದನ್ನ ಒಮ್ಮೆ ಕನ್ನಡದಾಗ ಹೇಳ್ರಿ."

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. "ಮೊದಲೇ ಹೇಳ್ಬಾರದಿತ್ತಾ ಮಾರಾಯ್ರೇ?" ಅಂದೆ.

"ಭಾಳ ತ್ರಾಸ ತಗೊಂಡು ಮಾತಾಡಾಕತ್ತಿದ್ರಿ" ಅಂದ ಆತ. "ನಡುವ ಬಾಯಿ ಹಾಕಿದ್ರ ನಿಮಗ ಮರೆತು ಹೋದೀತು ಅಂತ ಸುಮ್ಮನ ಕುಂತ್ವಿ."

ಬದುಕಿರುವುದಕ್ಕೆ ಸಾಕ್ಷಿ

ಮಾವಳ್ಳಿಯ ಒಬ್ಬ ಅಜ್ಜಿಯ ವಿಧವಾ ಪಿಂಚಣಿ ಇದ್ದಕ್ಕಿದ್ದಂತೆ ನಿಂತಿತು. ಅದೇ ಹೆಸರಿನ ಬೇರೆ ಯಾರೋ ತೀರಿಕೊಂಡಿದ್ದಕ್ಕೆ ಈ ಅಜ್ಜಿಯ ಹೆಸರಿನ ಮುಂದೆ 'ಮೃತ' ಅಂತ ಹಾಕಿಬಿಟ್ಟಿದ್ದರು. ಅಜ್ಜಿಗೆ ಅದೊಂದೇ ಆಧಾರ. ತಾಲೂಕು ಆಫೀಸಿಗೆ ಹೋಗಿ "ನಾನೇ ಬಂದಿದ್ದೇನಲ್ಲ" ಅಂದರೆ, "ನೀವು ಬಂದ್ರೆ ಆಗುದಿಲ್ಲ, ಇಬ್ಬರು ಸಾಕ್ಷಿ ಬೇಕು" ಅಂದರಂತೆ.

ಜಗಳ ಮಾಡಿ ವಿಚಾರಣೆಗೆ ಒಂದು ದಿನ ತಗೊಂಡೆ. ಒಬ್ಬ ಸಾಕ್ಷಿಯಾಗಿ ಊರಿನ ಮಾಸ್ತರರು ಸಿಕ್ಕಿದರು. ಎರಡನೆಯವರನ್ನು ತಾನೇ ಕರೆತರುತ್ತೇನೆ ಅಂತ ಅಜ್ಜಿ ಹೇಳಿದ್ದರು. ಆ ದಿನ ನೋಡಿದರೆ ಬಸ್ಸಿನಿಂದ ಅಜ್ಜಿಯ ಹಿಂದೆ ಇಳಿದವರು ಪಕ್ಕದ ಮನೆಯ ಹೆಂಗಸು. ಇಬ್ಬರಿಗೂ ಬೇಲಿಯ ವಿಷಯಕ್ಕೆ ಜಗಳ. ಆ ಜಗಳದ ಅರ್ಜಿಯೂ ನನ್ನ ಕಪಾಟಿನಲ್ಲೇ ಇತ್ತು.

ಅಜ್ಜಿಯನ್ನು ಬದಿಗೆ ಕರೆದು, "ಬೇರೆ ಯಾರೂ ಸಿಗಲಿಲ್ವಾ ಅಮ್ಮಾ?" ಅಂದೆ.

"ಮಗಳು ಹೇಳಿದ್ರೆ ಪ್ರೀತಿಗೆ ಹೇಳಿದ್ಲು ಅಂತಾರೆ" ಅಂದರು ಅಜ್ಜಿ. "ನಾ ಬದುಕಿದ್ದೇನೆ ಅಂತ ಇವಳು ಸುಳ್ಳು ಹೇಳುದಿಲ್ಲ."

ಒಳಗೆ ಅಧಿಕಾರಿಗಳು ಪಕ್ಕದ ಮನೆಯವರನ್ನು ಕೇಳಿದರು. "ಇವರು ಬದುಕಿದ್ದಾರೆ ಅಂತ ನಿಮಗೆ ಖಾತ್ರಿಯಾ?"

"ದಿನಾ ಬೆಳಿಗ್ಗೆ ಖಾತ್ರಿ ಆಗ್ತದೆ ಸಾರ್. ಬೇಲಿ ಹತ್ತಿರ ನಿಂತು ಬೈತಾರೆ."

"ಮತ್ತೆ ಇಲ್ಲಿ ತೀರಿಕೊಂಡಿದ್ದಾರೆ ಅಂತ ಬರೆದಿದೆಯಲ್ಲ?"

ಆ ಹೆಂಗಸು ಅಜ್ಜಿಯ ಕಡೆ ಒಮ್ಮೆ ನೋಡಿ, ಉದ್ದಕ್ಕೆ ಉಸಿರುಬಿಟ್ಟರು. "ಹಾಗೆ ಬರೆದವರ ಬಾಯಿಗೆ ಸಕ್ಕರೆ ಹಾಕ್ಬೇಕು ಸಾರ್. ಆದ್ರೆ ಎಂತ ಮಾಡುದು, ಸುಳ್ಳು."

ಲಂಡನ್ನು ಮತ್ತು ಧಾರವಾಡ

ಭಟ್ಕಳದ ಒಬ್ಬ ವಯಸ್ಸಾದ ಬಟ್ಟೆ ವ್ಯಾಪಾರಿ ಅಳಿಯನ ವಿಷಯವಾಗಿ ಬಂದಿದ್ದರು. ಗಲ್ಫಿನಲ್ಲಿ ಅವನ ಮಾಲೀಕ ಪಾಸ್‌ಪೋರ್ಟ್ ಇಟ್ಟುಕೊಂಡು ಊರಿಗೆ ಬಿಡುತ್ತಿರಲಿಲ್ಲ. ಮಗಳಿಗೆ ಹೆರಿಗೆಯ ದಿನ ಹತ್ತಿರ ಬಂದಿತ್ತು. ಪಾಪ, ತುಂಬ ಹೆದರಿದ್ದರು. ಆದರೂ ವಕೀಲರನ್ನು ಹಿಡಿಯುವ ಮೊದಲು ವಿಚಾರಿಸುವುದು ವ್ಯಾಪಾರಿಯ ಧರ್ಮ.

"ನೀವು ಬ್ಯಾರಿಸ್ಟರಾ?" ಅಂತ ಕೇಳಿದರು.

"ಅಲ್ಲ ಸಾಹೇಬರೇ, ವಕೀಲೆ. ಬ್ಯಾರಿಸ್ಟರ್ ಆಗ್ಲಿಕ್ಕೆ ಲಂಡನ್ನಿನಲ್ಲಿ ಓದಬೇಕು. ನಾನು ಓದಿದ್ದು ಧಾರವಾಡದಲ್ಲಿ."

ಅವರು ಟೋಪಿ ಸರಿಮಾಡಿಕೊಂಡರು. "ಲಂಡನ್ನಿನಲ್ಲಿ ಯಾವಾಗಲೂ ಜಿಟಿಜಿಟಿ ಮಳೆಯಂತೆ. ಧಾರವಾಡದಲ್ಲೂ ಹಾಗೇ. ಆತು, ನೀವೇ ಕೇಸು ನೋಡಿ."

ರಾಯಭಾರ ಕಚೇರಿಗೆ ಬರೆದು ಬರೆದು, ಫೋನು ಮಾಡಿ ಮಾಡಿ, ಅಂತೂ ಹೆರಿಗೆಗೆ ಮೊದಲು ಅಳಿಯ ಬಂದಿಳಿದ. ಅಂದಿನಿಂದ ಅವರು ಪೇಟೆಯಲ್ಲಿ ನನ್ನನ್ನು ಎಲ್ಲರಿಗೂ 'ಲಂಡನ್ ಬ್ಯಾರಿಸ್ಟರ್' ಅಂತಲೇ ಪರಿಚಯಿಸುತ್ತಾರೆ. ಯಾಕೆ ಅಂತ ಕೇಳಿದರೆ, "ಕೆಲಸ ಆಗಿದೆಯಲ್ಲ, ಇನ್ನು ಧಾರವಾಡ ಅಂದ್ರೆ ನಮ್ಮ ಅಳಿಯನಿಗೆ ಅವಮಾನ" ಅನ್ನುತ್ತಾರೆ.

ಅಡುಗೆಯವನ ರಜೆ

ಕುಮಟಾದ ಒಂದು ಹೋಟೆಲಿನಲ್ಲಿ ನೇಪಾಳದ ಅಡುಗೆಯವನಿದ್ದ. ಬಾಳೆಹಣ್ಣಿನ ಬನ್ಸು ಮಾಡಿದರೆ ಜನ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುತ್ತಿದ್ದರು. ಇದೇ ಅವನ ಕಷ್ಟಕ್ಕೆ ಕಾರಣ. ತಾಯಿಗೆ ಹುಷಾರಿಲ್ಲ, ಊರಿಗೆ ಹೋಗಬೇಕು ಅಂದರೆ ಮಾಲೀಕ ಅವನ ಗುರುತಿನ ಚೀಟಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ. ಬಿಟ್ಟರೆ ವಾಪಸು ಬರುವುದಿಲ್ಲ ಅನ್ನುವ ಹೆದರಿಕೆ.

ನಾನು ಕಾರ್ಮಿಕ ಇಲಾಖೆಗೆ ದೂರು ಕೊಟ್ಟೆ. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಬಹಳ ಖಡಕ್ ಮನುಷ್ಯ. "ಒಬ್ಬರ ಕಾಗದ ಇನ್ನೊಬ್ಬರು ಇಟ್ಟುಕೊಳ್ಳೋದು ಅಪರಾಧ, ಗೊತ್ತಾಯ್ತಾ?" ಅಂತ ಮಾಲೀಕನನ್ನು ನಿಲ್ಲಿಸಿ ಗದರಿಸಿದರು. ಮಾಲೀಕ ಕಣ್ಣಲ್ಲಿ ನೀರು ತಂದುಕೊಂಡು ಬೀಗ ತೆಗೆದ. ಅಷ್ಟರಲ್ಲಿ ಅಡುಗೆಯವ, ಸಾಹೇಬರು ದೂರದಿಂದ ಬಂದಿದ್ದಾರೆ ಅಂತ ತಾನಾಗಿಯೇ ಬಿಸಿ ಬನ್ಸು ತಂದಿಟ್ಟ.

ಅಧಿಕಾರಿ ಮೊದಲು ಬೇಡವೇ ಬೇಡ ಅಂದರು. ಆಮೇಲೆ ಒಂದು ಚೂರು ಮುರಿದರು. ತಟ್ಟೆ ಖಾಲಿಯಾದ ಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಮೇಡಂ, ಈಗ ಕಾಗದ ಕೊಡಿಸಿದ್ವಿ. ಇವನು ನಿಜವಾಗ್ಲೂ ಹೋಗ್ತಾನಾ?"

"ನಾಳೆಯೇ ರೈಲು ಹತ್ತುತ್ತಾನೆ ಸಾರ್" ಅಂದೆ.

ಅವರು ಅಡುಗೆ ಮನೆಯ ಬಾಗಿಲನ್ನೇ ನೋಡುತ್ತ ಕೂತರು. "ಹಾಗಾದ್ರೆ ಇನ್ನೊಂದು ಪ್ಲೇಟ್ ಹೇಳಿ."

ದುಭಾಷಿ

ಭಟ್ಕಳದ ಹತ್ತಿರದ ತೆಂಗಿನಗುಂಡಿ ಬಂದರಿನ ಒಂದು ಬೋಟಿನಲ್ಲಿ ಒಡಿಶಾದ ಹುಡುಗನೊಬ್ಬ ಕೆಲಸ ಮಾಡುತ್ತಿದ್ದ. ಹುಡುಗ ಅಂದರೂ ಮೂವತ್ತರ ಹತ್ತಿರದವನು. ಬಂದು ಬಹಳ ವರ್ಷವಾಗಿತ್ತು. ಬಂದರಿನಲ್ಲಿ ಬಾಂಗ್ಲಾದೇಶದವರು ಸೇರಿಕೊಂಡಿದ್ದಾರೆ ಅಂತ ಯಾರೋ ಅರ್ಜಿ ಹಾಕಿದ್ದಕ್ಕೆ ಪೊಲೀಸರು ಅವನನ್ನು ಠಾಣೆಗೆ ಕರೆದೊಯ್ದರು.

ನಾನು ಹೋದಾಗ ಅವನು ಬೆಂಚಿನ ತುದಿಯಲ್ಲಿ ಮುಖ ಬಾಡಿಸಿ ಕೂತಿದ್ದ. ಇನ್ಸ್‌ಪೆಕ್ಟರು ಹೊಸಬರು, ಮೈಸೂರು ಕಡೆಯವರು, ಕೆಟ್ಟವರಲ್ಲ. "ಆಧಾರ್ ಕಾರ್ಡ್ ಎಲ್ಲಿ ಅಂದ್ರೆ ಸಮುದ್ರದಲ್ಲಿದೆ ಅಂತಾನೆ ಮೇಡಂ, ನಾನೇನು ಮಾಡ್ಲಿ?" ಅಂದರು. ನಿಜವೇ, ಬೋಟು ಅಲೆಗೆ ಸಿಕ್ಕಾಗ ಚೀಲವೇ ಹೋಗಿತ್ತು. ಬೇರೆ ಪ್ರತಿ ಅವನ ಊರಿನಿಂದ ಬರಬೇಕು. ಅಷ್ಟರೊಳಗೆ ಇವನನ್ನು ಬೆಂಗಳೂರಿನ ಹತ್ತಿರದ ವಿದೇಶಿಯರ ಬಂಧನ ಕೇಂದ್ರಕ್ಕೆ ಸಾಗಿಸಿದರೆ ತಿಂಗಳುಗಟ್ಟಲೆ ಬಿಡಿಸಲಿಕ್ಕಾಗುವುದಿಲ್ಲ ಅನ್ನುವುದು ನನಗೆ ಗೊತ್ತಿತ್ತು. ವಾದ ಮಾಡಿದೆ. ಕೊನೆಗೆ ಅವರು, "ಇವನನ್ನು ಚೆನ್ನಾಗಿ ಬಲ್ಲ ಸ್ಥಳೀಯರು ಒಬ್ಬರು ಬಂದು ಹೇಳಲಿ, ಕಾಗದ ಬರೋವರೆಗೆ ಬಿಡ್ತೀನಿ" ಅಂತ ಒಪ್ಪಿದರು.

ಬೋಟಿನ ಯಜಮಾನ ಸಮುದ್ರದಲ್ಲಿದ್ದ. ಅವನ ತಾಯಿ, ವಯಸ್ಸಾದ ಅಜ್ಜಿ, ರಿಕ್ಷಾ ಮಾಡಿಕೊಂಡು ಬಂದರು. ಬಂದವರೇ ಕೊಂಕಣಿಯಲ್ಲಿ ಶುರು ಮಾಡಿದರು. ಅವರಿಗೆ ಕೊಂಕಣಿ ಬಿಟ್ಟು ಬೇರೆ ಬಾರದು. ಇನ್ಸ್‌ಪೆಕ್ಟರಿಗೆ ಒಂದಕ್ಷರ ತಿಳಿಯಲಿಲ್ಲ. ಕೊಂಕಣಿ ಬಲ್ಲ ಪೇದೆ ಬಂದೋಬಸ್ತಿಗೆ ಹೋಗಿದ್ದ.

"ನಾನು ಹೇಳ್ತೇನೆ ಸಾರ್" ಅಂದೆ.

"ನೀವು ಅವನ ವಕೀಲರು. ನಿಮ್ಮ ಸಾಕ್ಷಿಗೆ ನೀವೇ ದುಭಾಷಿಯಾದ್ರೆ ಹೇಗೆ?" ಅಂದರು. ನ್ಯಾಯವಾದ ಮಾತೇ.

ಆಗ ಬೆಂಚಿನ ತುದಿಯಿಂದ ದನಿ ಬಂತು. "ನಂಗೆ ಬರ್ತದೆ ಸಾರ್, ಕೊಂಕಣಿ."

ಇನ್ಸ್‌ಪೆಕ್ಟರು ಅವನನ್ನೂ ನನ್ನನ್ನೂ ನೋಡಿದರು. ಬೇರೆ ದಾರಿ ಇರಲಿಲ್ಲ. "ಸರಿ. ಅವ್ರು ಹೇಳಿದ್ದನ್ನ ಹೇಳಿದ ಹಾಗೇ ಹೇಳ್ಬೇಕು. ನಿನ್ನದೇನೂ ಸೇರಿಸಬಾರದು. ಇವನು ಎಂಥವನು ಅಂತ ಕೇಳು."

ಅವನು ಕೇಳಿದ. ಅಜ್ಜಿ ಕೈ ಬೀಸಿ ಉದ್ದಕ್ಕೆ ಹೇಳಿದರು. ಅವನು ನೆಟ್ಟಗೆ ನಿಂತು ವರದಿ ಒಪ್ಪಿಸಿದ. "ನಾನು ಸೋಮಾರಿ ಅಂತೆ ಸಾರ್. ಬಲೆ ಎಳೆಯುವಾಗ ಹಿಂದೆ, ಊಟಕ್ಕೆ ಮುಂದೆ ಅಂತೆ. ಮೀನಿನ ತಲೆ ಬೇರೆ ಯಾರಿಗೂ ಬಿಡುದಿಲ್ಲ ಅಂತೆ." ಕೊನೆಗೆ "ಕದಿಯುದಿಲ್ಲ ಅಂತಲೂ ಹೇಳಿದ್ರು" ಅಂತ ಸೇರಿಸಿದ. ಅದನ್ನೂ ಅವರು ಹೇಳಿದ್ದು ಹೌದು.

"ಬಾಂಗ್ಲಾದೇಶದವನಲ್ಲ ಅಂತ ಇವರಿಗೆ ಹೇಗೆ ಗೊತ್ತು, ಕೇಳು."

ಮತ್ತೆ ಕೊಂಕಣಿಯಲ್ಲಿ ಮಾತಾಯಿತು. "ಅದು ಎಲ್ಲಿದೆ ಅಂತ ಕೇಳ್ತಾರೆ ಸಾರ್."

"ಬಹಳ ದೂರ. ಗಡಿ ದಾಟಿ, ಪೊಲೀಸರ ಕಣ್ಣು ತಪ್ಪಿಸಿ ಬರ್ಬೇಕು ಅಂತ ಹೇಳು."

ಅಜ್ಜಿ ಕೇಳಿಸಿಕೊಂಡು ಒಂದು ಮಾತು ಹೇಳಿದರು. ಅವನು ತಲೆ ತಗ್ಗಿಸಿದ. "ಏನಂತೆ?" ಅಂತ ಇನ್ಸ್‌ಪೆಕ್ಟರು ಗದರಿಸಿದ ಮೇಲೆ ಬಾಯಿಬಿಟ್ಟ. "ಅಷ್ಟೆಲ್ಲ ಚುರುಕು ಇವನಲ್ಲಿದ್ದಿದ್ರೆ ನನ್ನ ಮಗನಿಗೆ ಎಂತ ಕಷ್ಟ ಇತ್ತು ಅಂತ ಹೇಳ್ತಾರೆ ಸಾರ್."

ಪೇದೆಗಳು ಗೋಡೆಗೆ ಮುಖ ತಿರುಗಿಸಿದರು. ಇನ್ಸ್‌ಪೆಕ್ಟರೂ ನಗು ತಡೆದುಕೊಂಡು, ಹೇಳಿಕೆ ಬರೆದು, ಅಜ್ಜಿಯ ಹೆಬ್ಬೆಟ್ಟು ಹಾಕಿಸಿದರು. "ಆಯ್ತು, ಕರ್ಕೊಂಡು ಹೋಗಿ" ಅಂದರು. ನನಗೆ ಜೀವ ಬಂತು.

ಆದರೆ ಅಜ್ಜಿ ಏಳಲಿಲ್ಲ. ಇನ್ಸ್‌ಪೆಕ್ಟರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಗಟ್ಟಿಯಾಗಿ ಕೊಂಕಣಿಯಲ್ಲಿ ಕೇಳಿದರು. "ಈ ಮನುಷ್ಯ ಎಲ್ಲಿಯವ? ನಮ್ಮ ಮಾತು ಒಂದೂ ಬರುದಿಲ್ಲ. ಇವನ ಕಾಗದ ಯಾರಾದ್ರೂ ನೋಡಿದ್ದಾರಾ, ಕೇಳು."

ಕೆಲಸ ಕೆಟ್ಟಿತು ಅಂದುಕೊಂಡೆ. ಹೇಳಿದ್ದನ್ನು ಹೇಳಿದ ಹಾಗೇ ಹೇಳುವವನು ಇವನು.

"ಏನಂತಪ್ಪಾ?" ಅಂದರು ಇನ್ಸ್‌ಪೆಕ್ಟರು.

ಅವನು ಕಣ್ಣು ಮಿಟುಕಿಸದೆ ಹೇಳಿದ. "ಸಾಹೇಬರು ಒಮ್ಮೆ ನಮ್ಮ ಮನೆಗೆ ಊಟಕ್ಕೆ ಬರ್ಬೇಕು ಅಂತ ಕರೀತಿದ್ದಾರೆ ಸಾರ್."

ಇನ್ಸ್‌ಪೆಕ್ಟರ ಮುಖ ಅರಳಿತು. ಎದ್ದು ನಿಂತು ಅಜ್ಜಿಗೆ ಕೈಮುಗಿದರು. "ಖಂಡಿತ ಬರ್ತೀನಿ ಅಂತ ಹೇಳು."

ಅವನು ಅಜ್ಜಿಯ ಕಡೆ ತಿರುಗಿ, ಅಷ್ಟೇ ವಿನಯದಿಂದ ಕೊಂಕಣಿಯಲ್ಲಿ ಹೇಳಿದ. "ನೋಡಿದ್ದಾರಂತೆ ಅಮ್ಮಾ, ಎಲ್ಲ ಸರಿ ಇದೆಯಂತೆ. ಈ ಸಲಕ್ಕೆ ಬಿಟ್ಟುಬಿಡಿ ಅಂತ ಕೈಮುಗೀತಿದ್ದಾರೆ."