ಫೋನಿನ ಮುಯ್ಯಿ

ನಾನು ಸುಮ್ಮನೆ ಕೂತರೂ ಏನಾದರೊಂದು ಹುಡುಕಿಕೊಂಡು ಬಂದು ನನ್ನ ಪಕ್ಕದಲ್ಲೇ ಕೂರುತ್ತದೆ. ಈ ಸಲ ಬಂದದ್ದು ಫೋನಿನೊಳಗಿಂದ.

ನೋಡಬ್ಯಾಡ

ಮೊಮ್ಮಗಳು ಕೊಟ್ಟೂರಿನ ಕಾಲೇಜಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಒಂದು ಭಾನುವಾರ ನನ್ನ ಫೋನಿಗೆ ಅದೇನೋ ಹಾಕಿದಳು.

"ಅಜ್ಜಿ, ಔಷಧ ಹುಡುಕೋರದ್ದು ಒಂದು ದೊಡ್ಡ ಲೆಕ್ಕ ಐತಿ. ಅದನ್ನ ಚೂರುಚೂರು ಮಾಡಿ ಊರೂರಿನ ಫೋನಿಗೆ ಹಂಚ್ಯಾರ. ನಿನ್ನ ಫೋನು ಖಾಲಿ ಕುಂತಾಗ ಒಂದು ಚೂರು ಮಾಡಿಕೊಡತೈತಿ. ವೈಫೈ ಇರೋ ಕಡೆ ಚಾರ್ಜಿಗೆ ಹಾಕು, ಮುಟ್ಟಬ್ಯಾಡ."

ಪುಣ್ಯದ ಕೆಲಸ ಅಂತ ಹಾಕಿದೆ. ಮಾಡುತ್ತದೋ ಇಲ್ಲವೋ ಎಂದು ಗಳಿಗೆಗೊಮ್ಮೆ ಎತ್ತಿ ನೋಡಿದೆ. ಸಂಜೆ ಮೊಮ್ಮಗಳು, "ಏನೂ ಮಾಡೇ ಇಲ್ಲಲ್ಲ ಇದು! ನೀ ಎತ್ತಿದಾಗೆಲ್ಲ ಕೆಲಸ ನಿಲ್ಲಸೈತಿ" ಎಂದಳು.

ಬದುವಿನ ಮೇಲೆ ನಿಂತು ನೋಡಿದರಷ್ಟೇ ಕೈಯಾಡಿಸುವ ಆಳುಗಳನ್ನು ಜೀವಮಾನವಿಡೀ ಕಂಡಿದ್ದೇನೆ. ನೋಡಿದರೆ ಕೈಕಟ್ಟಿ ಕೂರುವ ಆಳನ್ನು ಕಂಡದ್ದು ಇದೇ ಮೊದಲು.

ಆಕಿ ಇಲ್ಲ, ಫೋನು ಐತಿ

ಎದುರುಮನೆಯಾಕೆ ಇದೇನು ಎಂದು ಕೇಳಿದಳು. "ಮುಯ್ಯಾಳು ಇದ್ದಂಗ ನೋಡವ್ವ. ಇವತ್ತು ನಾವು ಅವರ ಹೊಲಕ್ಕ, ನಾಳೆ ಅವರು ನಮ್ಮ ಹೊಲಕ್ಕ" ಎಂದೆ.

"ನಮ್ಮನಿಯಾಗ ವೈಫೈ ಇಲ್ಲಲ್ಲ ದೊಡ್ಡಮ್ಮ?"

"ನಮ್ಮನಿಗೆ ತಂದಿಡು."

ಮರುದಿನ ಬೆಳಿಗ್ಗೆ ಓಣಿಯ ಆರು ಹೆಂಗಸರ ಫೋನುಗಳು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದವು. ಮೊಮ್ಮಗಳು ಅವಕ್ಕೂ ಅದನ್ನೇ ಹಾಕಿಕೊಟ್ಟಳು. ದುಡಿದು ಬಿಸಿಯಾಗಿವೆ ಎಂದು ಫ್ಯಾನು ಅವುಗಳ ಕಡೆ ತಿರುಗಿಸಿದೆವು. ನಾವು ಸೆರಗಿನಿಂದ ಗಾಳಿ ಬೀಸಿಕೊಂಡೆವು.

ಮಧ್ಯಾಹ್ನ ಎದುರುಮನೆಯಾಕೆ ಮಲಗಲು ಮನೆಗೆ ಹೋದಾಗ ಅವಳ ಫೋನು ಬಡಕೊಂಡಿತು. ನಾನೇ ಎತ್ತಿದೆ. ಹರಪನಹಳ್ಳಿಗೆ ಹೋಗಿದ್ದ ಅವಳ ಗಂಡ.

"ಆಕಿ ಎಲ್ಲಿ ಅದಾಳ?"

"ಮನಿಯಾಗ ಮಲಗ್ಯಾಳಪ್ಪ. ಆಕಿ ಫೋನು ಕೆಲಸಕ್ಕ ಬಂದೈತಿ."

ಮೋಡ

ಎಂಟು ದಿನಕ್ಕೆ ನನ್ನ ಶೇಂಗಾ ಕಿತ್ತು ಹೊಲದಲ್ಲಿ ಒಟ್ಟಿದ್ದಾಯಿತು. ಗುಡೇಕೋಟೆ ಕಡೆಯಿಂದ ಮೋಡ ಎದ್ದಿತು. ಬಳ್ಳಿಯಿಂದ ಕಾಯಿ ಬಿಡಿಸುವುದರೊಳಗೆ ಮಳೆ ಬಿದ್ದರೆ ವರ್ಷದ ಬೆಳೆ ಕಪ್ಪಾಗಿ ಮೊಳಕೆಯೊಡೆಯುತ್ತದೆ. ಎದುರುಮನೆಯಾಕೆಯ ಕಟ್ಟೆಗೆ ಓಡಿದೆ. ಆರೂ ಜನ ಅಲ್ಲೇ ಇದ್ದರು.

"ಮುಯ್ಯಿಗೆ ಬರ್ರವ್ವ!"

"ನಾವು ಬರೋದಾ?" ಎಂದಳು ಎದುರುಮನೆಯಾಕೆ. "ಎಂಟು ದಿನ ನಮ್ಮ ಫೋನು ನಿಮ್ಮನಿಯಾಗ ದುಡದಾವು. ಮುಯ್ಯಿ ನೀನೇ ಕೊಡಬೇಕು."

"ಅದು ಔಷಧ ಹುಡುಕೋರ ಕೆಲಸ, ನಂದಲ್ಲ!"

"ಅವರನ್ನ ನಾವು ಕಂಡಿಲ್ಲ. ಕರದಾಕಿ ನೀನು."

ಮಾತು ಖರೇ. ಆಳನ್ನು ಕರೆದವರೇ ಮುಯ್ಯಿ ತೀರಿಸಬೇಕು. ಮೇಲೆ ನೋಡಿದೆ, ಮೋಡ ಇನ್ನಷ್ಟು ಕಪ್ಪಾಗಿತ್ತು. "ಆತವ್ವ. ನಿಮ್ಮ ಕೈಗೆ ನನ್ನ ಕೈ ಬರತೈತಿ. ಫೋನಿನ ಮುಯ್ಯಿನೂ ತೀರಸ್ತೀನಿ" ಎಂದು ಮಾತು ಕೊಟ್ಟೆ.

ಆರೂ ಜನ ಬಂದರು. ಕೊನೆಯ ಚೀಲ ಮನೆಯೊಳಗೆ ಬಿದ್ದಾಗ ಅಂಗಳದಲ್ಲಿ ಮೊದಲ ಹನಿ ಬಿತ್ತು. ಮೊಮ್ಮಗಳು ಪಡಸಾಲೆಯ ಫೋನುಗಳನ್ನು ನೋಡಿ ಕಣ್ಣರಳಿಸಿದಳು. "ಎಂದೂ ಇಷ್ಟು ಲೆಕ್ಕ ಆಗಿದ್ದಿಲ್ಲಲ್ಲ ಅಜ್ಜಿ! ಏನು ಮಾಡಿದ್ರಿ?"

"ನಾವು ಮನಿಯಾಗ ಇದ್ದಿದ್ದಿಲ್ಲ" ಎಂದೆ.

ಬೇವಿನ ಮರದ ಕೆಳಗೆ

ಮಳೆ ಹೋಯಿತು. ಎದುರುಮನೆಯಾಕೆ ತನ್ನ ಶೇಂಗಾ ಕಿತ್ತಳು. ಮೊದಲ ದಿನ ಹೋಗಿ ಹೊತ್ತು ಮುಳುಗುವವರೆಗೆ ಕಾಯಿ ಬಿಡಿಸಿದೆ. ಕೈಯ ಮುಯ್ಯಿ ಕೈಯಿಂದ ತೀರಿತು.

ಮರುದಿನ ಮತ್ತೆ ಬಾಗಿಲಿಗೆ ಬಂದಳು. "ದೊಡ್ಡಮ್ಮ, ಇವತ್ತು ಫೋನಿನ ಮುಯ್ಯಿ."

"ಬಂದೆ ನಡಿ."

ಹೊಲಕ್ಕೆ ಹೋದೆ. ಸೊಂಟದಿಂದ ಫೋನು ತೆಗೆದು ಅವಳ ಶೇಂಗಾ ಒಟ್ಟಿಲ ಮೇಲೆ ಇಟ್ಟೆ. ಬೇವಿನ ಮರದ ಕೆಳಗೆ ಕಾಲು ಚಾಚಿ, ಎಲೆಅಡಿಕೆ ಬಾಯಿಗೆ ಹಾಕಿಕೊಂಡೆ.

ಅವಳು ಒಮ್ಮೆ ಫೋನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಮತ್ತೆ ಫೋನು ನೋಡಿದಳು.

"ದೊಡ್ಡಮ್ಮ, ಇದು ಒಂದು ಕಾಯಿನೂ ಬಿಡಸವಲ್ದಲ್ಲ!"

"ಹೆಂಗ ಬಿಡಸತೈತಿ?" ಎಂದೆ. "ನೀ ನೋಡಾಕತ್ತೀಯಲ್ಲ."