ಎಣ್ಣೆ ಕುಡಿದ ಸೀಟು

ಮಂದಿಯ ದನಿಯನ್ನು ಥೇಟು ಅವರಂತೆಯೇ ತೆಗೆದು ನಗಿಸುವ ಚಟ ಇದ್ದವನಿಗೆ ಒಂದು ಅನುಕೂಲವಿದೆ: ಸ್ವಂತ ಮುಖವನ್ನು ಯಾರಿಗೂ ತೋರಿಸಬೇಕಾಗಿಲ್ಲ. ನಮ್ಮೂರು ಐಗಳಿಯಲ್ಲಿ ನನ್ನ ಬಾಯಿಗೆ ಬೀಳದವರೇ ಇಲ್ಲ. ಕೆಮ್ಮಿನ ನಡುವೆ ಬಿಡುವು ಸಿಕ್ಕಾಗ ಪಾಠ ಮಾಡುತ್ತಿದ್ದ ಮಾಸ್ತರರು, ಇಳಿಯುವವರು ಇಳಿಯುವ ಮೊದಲೇ ಸೀಟಿ ಊದುವ ಕಂಡಕ್ಟರು, ಮೊಬೈಲ್ ಇಲ್ಲದೆಯೂ ಅಥಣಿಗೆ ಕೇಳಿಸುವಂತೆ ಮಾತಾಡುವ ನಮ್ಮವ್ವ, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಇದು ಕಲೆಯಲ್ಲ, ಒಂದು ಬಗೆಯ ನೆಗಡಿ. ಎದುರಿಗಿದ್ದವರಿಂದ ಅಂಟಿಕೊಳ್ಳುತ್ತದೆ. ನಾನು ಗಾಬರಿಯಾದರಂತೂ ನಾಲಿಗೆ ನನ್ನ ಮಾತು ಕೇಳುವುದೇ ಇಲ್ಲ. ಇಷ್ಟನ್ನು ಈಗಲೇ ಹೇಳಿಬಿಟ್ಟಿದ್ದೇನೆ. ಮುಂದೆ ಹೇಳಬೇಕಾದ ಜಾಗ ಬಂದಾಗ ನನಗೆ ತಲೆ ಎತ್ತಲು ಆಗುವುದಿಲ್ಲ.

ನನ್ನ ಕೈಗೆ ಸಿಕ್ಕವರಲ್ಲೆಲ್ಲ ಸೊಗಸಾದವರು ನಮ್ಮ ಕಾಕಾ. ದ್ರಾಕ್ಷಿಗೆ ಒಳ್ಳೆಯ ಧಾರಣೆ ಬಂದ ವರ್ಷ ಅವರು ಪುಣೆಯಿಂದ ಒಂದು ಹಳೆಯ ದೊಡ್ಡ ಕಾರು ತಂದರು. ಒಳಗೆ ಬಿಸ್ಕೀಟು ಬಣ್ಣದ ತೊಗಲಿನ ಸೀಟು. ಕಾರಿನ ಎಂಜಿನ್ನು ಹೇಗಿದೆಯೆಂದು ಕಾಕಾ ಯಾರಿಗೂ ಹೇಳಲಿಲ್ಲ, ಕೇಳಿದವರಿಗೆಲ್ಲ ಸೀಟು ಮುಟ್ಟಿಸಿದರು. “ರೆಕ್ಸಿನ್ ಅಲ್ಲಪಾ, ಖರೇ ತೊಗಲ. ಧೂಳ ಝಾಡಿಸ್ಕೊಂಡ ಕೂಡು” ಎನ್ನುತ್ತಿದ್ದರು. ಈ ಮಾತನ್ನು ನಾನು ಎಷ್ಟು ಚೆನ್ನಾಗಿ ಒಪ್ಪಿಸುತ್ತಿದ್ದೆನೆಂದರೆ, ಒಮ್ಮೆ ಗೋಡೆಯಾಚೆಯಿಂದ ಕೇಳಿದ ಕಾಕೂ ಗಂಡನೇ ಬಂದರೆಂದು ಚಹಾ ತಂದು, ನನ್ನನ್ನು ನೋಡಿ, ಚಹಾ ವಾಪಸು ಒಯ್ದಿದ್ದಳು.

ಆ ಬೇಸಿಗೆಯಲ್ಲಿ ನಮ್ಮಣ್ಣ ಬಾಳುವಿಗೆ ನಿಪ್ಪಾಣಿಯ ಒಂದು ಸಂಬಂಧ ಬಂತು. ಹುಡುಗಿಯ ತಂದೆ ತಂಬಾಕಿನ ವ್ಯಾಪಾರಿ. ಅಣ್ಣ ಮಿತಭಾಷಿ, ಮನೆಯ ಮಾತಿನ ಪಾಲೆಲ್ಲ ನನಗೇ ಬಂದದ್ದರಿಂದ ಅವನಿಗೆ ಉಳಿದಿರಲಿಲ್ಲ. ಆದರೆ ಹುಡುಗಿಯ ಫೋಟೋ ನೋಡಿದಂದಿನಿಂದ ಅವನು ದ್ರಾಕ್ಷಿ ಬಳ್ಳಿಗಳ ಜೊತೆ ಮಾತಾಡತೊಡಗಿದ್ದ. ಹಿಂದಿನ ಸಂಬಂಧ ಮುರಿದದ್ದು ನನ್ನಿಂದಲೇ. ಆ ಹುಡುಗಿಯ ಸೋದರಮಾವನ ಮೂಗಿನ ದನಿಯನ್ನು ನಾನು ಅವರ ಅಂಗಳದಲ್ಲೇ ತೆಗೆದಿದ್ದೆ, ಮಾವ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಹಾಗಾಗಿ ಈ ಸಲ ಅವ್ವ ಕೈಮುಗಿದಳು. “ನಿನಗ ಕೈ ಮುಗಿತೀನಪಾ, ಅಲ್ಲಿ ಬಾಯಿ ಬಿಡಬ್ಯಾಡ. ಸುಮ್ನ ಕಾರ ತೊಳಿ, ಕಾರನ್ಯಾಗ ಕೂಡು, ತಿರಗಿ ಬಾ.” ಬಾಯಿಯಿಂದ ಆಗುವ ಅನಾಹುತ ಕೈಯಿಂದಲೂ ಆದೀತೆಂದು ಪಾಪ ಅವಳಿಗೆ ಹೊಳೆಯಲಿಲ್ಲ.

ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಕಾರು ತೊಳೆದೆ. ನನಗೆ ಗೊತ್ತಿದ್ದ ತೊಳೆಯುವಿಕೆ ಒಂದೇ, ಟ್ರ್ಯಾಕ್ಟರಿನದು: ಪಂಪಸೆಟ್ಟಿನ ಪೈಪು ಹಿಡಿದು ಮೇಲೆ, ಕೆಳಗೆ, ಸಂದಿಯಲ್ಲಿ, ಎಲ್ಲಿ ಮಣ್ಣು ಕಂಡರೆ ಅಲ್ಲಿ ಬಿಡುವುದು. ಕಾರಿನ ನಾಲ್ಕೂ ಬಾಗಿಲು ತೆರೆದು ಒಳಗೂ ಬಿಟ್ಟೆ. ಭಕ್ತಿಯಿಂದಲೇ ಬಿಟ್ಟೆ. ನೀರು ಸೀಟಿನ ಹೊಲಿಗೆಗಳಿಂದ ಒಳಗಿನ ಸ್ಪಂಜಿಗೆ ಇಳಿದು, ಒತ್ತಿದರೆ ಕಪ್ಪೆ ಕೂಗಿದಂತೆ ಸದ್ದು ಬಂತು. ಒಣಗಿದರಾಯಿತು ಎಂದು ಕಾರನ್ನು ರಣಬಿಸಿಲಿಗೆ ತಳ್ಳಿ ಊಟಕ್ಕೆ ಹೋದೆ. ಇಳಿಹೊತ್ತಿಗೆ ಬಂದು ನೋಡಿದರೆ ಬಿಸ್ಕೀಟು ಬಣ್ಣದ ತೊಗಲು ನಿಜವಾಗಿಯೂ ಬಿಸ್ಕೀಟಾಗಿತ್ತು. ಮೇಲೆ ಸೆಟೆದುಕೊಂಡು, ಮೂಲೆಗಳಲ್ಲಿ ಬಿರಿದು, ಬೆರಳಿನಿಂದ ತಟ್ಟಿದರೆ ಟಣ್ ಎನ್ನುತ್ತಿತ್ತು.

ಆಗ ನನ್ನ ತಲೆಯಲ್ಲಿ ಅಜ್ಜ ಎದ್ದು ಕೂತ. ನಮ್ಮ ಕಡೆ ಅಥಣಿಯ ಚಪ್ಪಲಿ ತಂದರೆ ಯಾರೂ ಹಾಗೇ ಮೆಟ್ಟುವುದಿಲ್ಲ, ಮೊದಲು ಎಣ್ಣೆ ಕುಡಿಸುತ್ತಾರೆ. ಅಜ್ಜ ಹೊಸ ಚಪ್ಪಲಿಯನ್ನು ಕೂಸಿನಂತೆ ತೊಡೆಯ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಿದ್ದ. ಕಚ್ಚುವ ಚಪ್ಪಲಿ ಎರಡು ದಿನದಲ್ಲಿ ಬೆಣ್ಣೆಯಾಗುತ್ತಿತ್ತು. ಚಪ್ಪಲಿಯೂ ತೊಗಲು, ಸೀಟೂ ತೊಗಲು. ಇಷ್ಟು ಸರಳವಾದ ಸತ್ಯ ಲೋಕದಲ್ಲಿ ಇನ್ನಾರಿಗೂ ಹೊಳೆದಿರಲಾರದು ಎಂದು ಬೀಗಿ, ಅಡುಗೆಮನೆಯ ಶೇಂಗಾ ಎಣ್ಣೆಯ ಡಬ್ಬಿಯನ್ನೇ ತಂದು ಸೀಟುಗಳಿಗೆ ಸುರಿದೆ. ಕುಡಿದವು ನೋಡಿ! ಮರುದಿನ ಮುಂಜಾನೆ ಸೀಟು ಮೆತ್ತಗಾಗಿ ಮಿರಮಿರ ಮಿಂಚುತ್ತಿತ್ತು. ಕಾಕಾ ಮೂಗೇರಿಸಿ, “ಯಾರ ಮನ್ಯಾಗರ ಭಜಿ ಕರ್ಯಾಕತ್ತಾರೇನಲೇ?” ಎಂದಷ್ಟೇ ಕೇಳಿದರು.

ಚಿಕ್ಕೋಡಿ ದಾಟಿ ನಿಪ್ಪಾಣಿ ಮುಟ್ಟುವವರೆಗೂ ಯಾರಿಗೂ ಏನೂ ತಿಳಿಯಲಿಲ್ಲ. ಅಪ್ಪ, ಕಾಕಾ ಇಬ್ಬರದೂ ಬಿಳಿಧೋತರ, ಅಣ್ಣನದು ಹೊಸ ಪ್ಯಾಂಟು. ಇಳಿದು ಅವರು ಮುಂದೆ ಮುಂದೆ ನಡೆದರು. ಹಿಂದಿದ್ದ ನನಗೆ ಮಾತ್ರ ಅವರ ಬೆನ್ನ ಕೆಳಗೆ ಎಣ್ಣೆ ಬಿಡಿಸಿದ್ದ ಮೂರು ನಕಾಶೆಗಳು ಕಂಡವು. ಕಾಕಾನ ಧೋತರದಲ್ಲಂತೂ ಕೃಷ್ಣಾ ನದಿ ನಮ್ಮ ಕಡೆಯ ಸತ್ತಿ ಊರಿನವರೆಗೂ ಹರಿದಿತ್ತು. ಕೂಗಿ ಹೇಳೋಣವೆಂದರೆ ಅವ್ವನಿಗೆ ಮಾತು ಕೊಟ್ಟಿದ್ದೆ. ಅದೊಂದೇ ಸಲ ನಾನು ಮಾತು ಉಳಿಸಿಕೊಂಡದ್ದು.

ಅವರ ಮನೆಯಲ್ಲಿ ಗಾದಿಗೆ ಶುಭ್ರ ಚಾದರ ಹಾಸಿದ್ದರು. ನಮ್ಮವರು ಅದರ ಮೇಲೇ ಕೂತರು. ಹುಡುಗಿ ಸುರೇಖಾ ಅವಲಕ್ಕಿ ತಂದಾಗ ಮರ್ಯಾದೆಗೆಂದು ಅಣ್ಣ ಎದ್ದು ನಿಂತ. ಎದ್ದರೂ ಅವನು ಅಲ್ಲೇ ಕೂತಂತಿತ್ತು, ಚಾದರದ ಮೇಲೆ ಅಚ್ಚು ಅಷ್ಟು ಸ್ಪಷ್ಟವಾಗಿತ್ತು. ಹುಡುಗಿಯ ತಂದೆ ಗಂಭೀರ ಗೃಹಸ್ಥರು, ಪ್ರತಿ ಮಾತಿನ ಮುಂದೆ ಹೂಂಕಾರ ಹಾಕಿ, ಕೊನೆಯ ಅಕ್ಷರವನ್ನು ಎಳೆಯುವವರು. “ಹೂಂ... ಅರೇ ದೇವಾ, ಎಣ್ಣಿ ಎಲ್ಲಿಂದ ಬಂತರೀಽಽ?” ಎಂದರು. ಎಲ್ಲರೂ ಕಾರಿನ ಬಳಿ ಹೋದೆವು. ಅವರು ಸೀಟಿನ ಮೂಲೆಯನ್ನು ತಂಬಾಕಿನ ಎಲೆಯಂತೆ ಮಡಿಚಿ, ತಿರುಗಿಸಿ, ಮೂಸಿದರು. “ಹೂಂ... ಮೊದಲ ನೆನಸ್ಯಾರ, ಆಮ್ಯಾಲ ಬಿಸಲಾಗ ಸುಟ್ಟಾರ. ಹದ ಹೋಗೇತಿ. ಯಾರ ಮಾಡ್ಯಾರ್ರೀಽಽ ಇದನ್ನ?”

ಅಪ್ಪ, ಕಾಕಾ ನನ್ನತ್ತ ತಿರುಗಿದರು. ಅಣ್ಣ ತಲೆ ತಗ್ಗಿಸಿದ; ಫೋಟೋದ ಹುಡುಗಿ ಕೈತಪ್ಪಿ ಹೋಗುವುದು ಅವನ ಕತ್ತಿನಲ್ಲೇ ಕಾಣುತ್ತಿತ್ತು. ನಾನು ಗಾಬರಿಯಾದೆ. ‘ನಾನ್ರಿ’ ಎಂದು ಸಣ್ಣಗೆ ಹೇಳಬೇಕೆಂದು ಬಾಯಿ ತೆರೆದೆ. “ಹೂಂ... ನಾನ ಮಾಡೇನ್ರೀಽಽ” ಎಂದು ಅವರದೇ ದನಿ, ಅವರದೇ ಹೂಂಕಾರ, ಅವರದೇ ಎಳೆತ ನನ್ನಿಂದ ಹೊರಬಿತ್ತು.

ಭೂಮಿ ಬಾಯಿಬಿಡಲಿ ಎಂದುಕೊಂಡೆ. ಅದಕ್ಕಾದರೂ ಬುದ್ಧಿ ಇತ್ತು, ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಬಾಗಿಲ ಹಿಂದಿನಿಂದ ಒಂದು ನಗು ಕೇಳಿಸಿತು. ಮುಚ್ಚಿಡಲು ನೋಡಿ ಸೋತ ನಗು. ಅಳುಮುಖದಲ್ಲಿದ್ದ ನಮ್ಮಣ್ಣನೂ ಅದನ್ನು ಕೇಳಿ, ಜೀವನದಲ್ಲಿ ಮೊದಲ ಸಲ ಪರವೂರಲ್ಲಿ ಗಟ್ಟಿಯಾಗಿ ನಕ್ಕುಬಿಟ್ಟ. ಹುಡುಗಿಯ ತಂದೆ ಒಮ್ಮೆ ಬಾಗಿಲು ನೋಡಿದರು, ಒಮ್ಮೆ ಅಣ್ಣನನ್ನು. ಒಳಗಿನಿಂದ ಹುಡುಗಿಯ ಅಜ್ಜಿ ಜೋಳದ ಹಿಟ್ಟಿನ ಬುಟ್ಟಿ ಹಿಡಿದು ಬಂದು, “ನಕ್ಕಿದ್ದ ಸಾಕ, ಮೊದಲ ಸೀಟಿಗಿ ಹಿಟ್ಟ ಉದರಸ್ರಿ, ಎಣ್ಣಿ ಹೀರತೈತಿ” ಎಂದರು. ಮದುವೆಯ ಮಾತುಕತೆ ಹಿಟ್ಟು ಉದುರಿಸುತ್ತಲೇ ನಡೆಯಿತು. ಹುಡುಗಿ ಒಂದೇ ಷರತ್ತು ಹೇಳಿ ಕಳಿಸಿದಳು: ಮದುವೆಯೊಳಗೆ ಸೀಟನ್ನು ಮೈದುನನೇ ಸರಿಮಾಡಬೇಕು.

ವಾಪಸು ಬರುವಾಗ ಕಾಕಾ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದರು. “ಲೇ, ಪ್ರತಿ ವರ್ಷ ದ್ರಾಕ್ಷಿ ಒಣಗಸ್ತಿ. ಬಿಸಲಾಗ ಹಾಕತೀಯೇನು? ನೆರಳಾಗ ಹಾಕತಿ. ಯಾಕ? ಮೆತ್ತಗ ಉಳೀಲಿ ಅಂತ. ಹಣ್ಣಿಗಿ ತೋರಿಸೂ ಬುದ್ಧಿ ತೊಗಲಿಗಿ ಯಾಕ ತೋರಸಲಿಲ್ಲ?” ಹುಟ್ಟಿದಂದಿನಿಂದ ಒಣದ್ರಾಕ್ಷಿಯ ಶೆಡ್ಡಿನಲ್ಲೇ ಆಡಿ ಬೆಳೆದವನು ನಾನು.

ಹಂಗಾಮು ಮುಗಿದು ಶೆಡ್ಡು ಖಾಲಿಯಿತ್ತು. ಸೀಟುಗಳ ಬೋಲ್ಟು ಬಿಚ್ಚಿ ಅಲ್ಲೇ ಇಟ್ಟೆ. ಹಿಟ್ಟು ಉದುರಿಸುವುದು, ಎಣ್ಣೆ ಹೀರಿದ ಮೇಲೆ ಕೊಡವುವುದು, ಮತ್ತೆ ಉದುರಿಸುವುದು. ಸಾಬೂನು ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸಿ ಗಾಳಿಗೆ ಬಿಡುವುದು. ಆಮೇಲೆ ತೊಗಲಿನ ಕ್ರೀಮನ್ನು ಬೆರಳ ತುದಿಯಷ್ಟೇ ತೆಗೆದುಕೊಂಡು ಮೆಲ್ಲಗೆ ತಿಕ್ಕುವುದು. ನೋಡಬಂದ ಊರವರಿಗೆ ಕಾಕಾ ಈಗ ಸೀಟು ಬಿಟ್ಟು ನನ್ನನ್ನು ತೋರಿಸುತ್ತಿದ್ದರು. ತೊಗಲು ಮೆತ್ತಗಾಯಿತು. ಮೂಲೆಯ ಬಿರುಕುಗಳಿಗೆ ಬಣ್ಣ ತುಂಬಿದರೂ ಹತ್ತಿರ ಹೋದರೆ ಕಾಣುತ್ತವೆ. ನಾನು ಹತ್ತಿರ ಹೋಗುವುದಿಲ್ಲ. ಮದುಮಗಳು ಅದರ ಮೇಲೆ ಕೂತು ಬಂದಳು. ಕೂಡುವ ಮೊದಲು ಒಂದು ಟವೆಲ್ಲು ಹಾಸಿಕೊಂಡದ್ದನ್ನು ನಾನು ನೋಡಿದೆ.

ಸುರೇಖಾ ನನಗೆ ವೈನಿಯಾಗಿ ಮನೆಗೆ ಬಂದ ಮೇಲೆ ಗೊತ್ತಾಯಿತು, ಅಂದು ಬಾಗಿಲ ಹಿಂದೆ ನಕ್ಕದ್ದೇಕೆಂದು. ತನ್ನಪ್ಪನ ಹೂಂಕಾರವನ್ನು ಚಿಕ್ಕಂದಿನಿಂದ ಅವಳೂ ತೆಗೆಯುತ್ತಿದ್ದಳಂತೆ. ನನ್ನದು ಕೇಳಿ, “ಎಳೆತ ಸ್ವಲ್ಪ ಹೆಚ್ಚಾತು” ಎನಿಸಿತಂತೆ. ಈಗ ಮನೆಯಲ್ಲಿ ಅವಳ ಗಂಟಲಿಗೆ ಸಿಕ್ಕಿರುವವನು ನಾನೊಬ್ಬನೇ. ಮೊನ್ನೆ ಕಾರು ತೊಳೆಯಲು ಪೈಪು ಹಿಡಿದು ಬಾಗಿಲು ತೆರೆದಿದ್ದೆ. “ಕಾಕಾ, ಒಳಗೂ ಒಂದೀಟ ನೀರ ಬಿಡಲೇನ್ರಿ?” ಎಂದು ಥೇಟು ನನ್ನದೇ ಗಂಟಲು ಕೇಳಿಸಿತು. ಅಡುಗೆಮನೆಯ ಕಿಟಕಿಯತ್ತ ನೋಡುವ ಮೊದಲು ನಾನು ಮಾಡಿದ್ದೇನು ಗೊತ್ತೇ? ನಾನೇ ಅಂದೆನೇನೋ ಎಂದು ಬಾಯಿ ಮುಟ್ಟಿ ನೋಡಿಕೊಂಡೆ.