ಕಾರ್ಡು ಸಂಡೂರಿನಲ್ಲಿ, ಬೆರಳು ಕಂಪ್ಲಿಯಲ್ಲಿ

ನಮ್ಮ ಸೋದರತ್ತೆ ಯಾರೆಂದು ಸರ್ಕಾರ ಖಾತ್ರಿ ಮಾಡಿಕೊಳ್ಳಬೇಕಾದರೆ ಎರಡು ಬಸ್ಸು ಹಿಡಿಯಬೇಕು. ತಮಾಷೆಯಲ್ಲ! ಅವಳ ಆಧಾರ್ ಕಾರ್ಡು ಇರುವುದು ಸಂಡೂರಿನಲ್ಲಿ, ಮಗಳ ಮನೆಯ ಟ್ರಂಕಿನೊಳಗೆ. ಬೆರಳುಗಳು ಮಾತ್ರ ಅವಳ ಜೊತೆಗೇ, ಕಂಪ್ಲಿಯಲ್ಲಿ.

ಇದಕ್ಕೆಲ್ಲ ಕಾರಣ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಯಾವನೋ ಪುಣ್ಯಾತ್ಮ. ಕಳ್ಳರು ಈಗ ಹೆಬ್ಬೆಟ್ಟಿನ ಗುರುತನ್ನೂ ಕದಿಯುತ್ತಾರೆ, ಕಾರ್ಡೂ ಬೆರಳೂ ಒಟ್ಟಿಗೆ ಸಿಕ್ಕರೆ ಮುಗೀತು ಎಂದು ಹೆದರಿಸಿ, ತಾನು ಆರಾಮಾಗಿ ಗಂಗಾವತಿಯಲ್ಲಿ ಇಳಿದುಹೋದ. ಅತ್ತೆ ಆ ವಾರವೇ ಎರಡನ್ನೂ ಬೇರೆ ಮಾಡಿದಳು!

ಅಷ್ಟಕ್ಕೇ ಬಿಟ್ಟಳೇ? ಗಣಿ ಕೆಲಸದ ಅಳಿಯನ ಹಳೇ ಕೈಗವಸಿನಿಂದ ಹೆಬ್ಬೆರಳಿನ ಭಾಗ ಕತ್ತರಿಸಿ ತನ್ನ ಹೆಬ್ಬೆರಳಿಗೆ ಟೋಪಿ ತೊಡಿಸಿದಳು. ನಮ್ಮ ಮನೆಗೆ ಬಂದರೆ ಚಹಾ ಕುಡಿದ ಲೋಟವನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿ ಇಡುವಳು. ನನ್ನ ಹೆಂಡತಿಗೋ ಸಂತೋಷ, ‘ಅತ್ತಿ ಭಾಳ ಅಚ್ಚುಕಟ್ಟು!’ ಪಾಪ, ಅದು ಸಾಕ್ಷ್ಯನಾಶ ಎಂದು ಅವಳಿಗೇನು ಗೊತ್ತು?

ರೊಟ್ಟಿ ಬಡಿಯುವಾಗ ಮಾತ್ರ ಟೋಪಿ ತೆಗೆಯಲೇಬೇಕಲ್ಲ. ಹಾಗಾಗಿ ಓಣಿಯವರಿಗೆ ರೊಟ್ಟಿ ಕೊಡುವುದು ಬಂದ್. ಯಾಕೆಂದು ನಾನೇ ಕೇಳಿದೆ.

“ಹತ್ತೂ ಬೆರಳು ಮೂಡಿರ್ತಾವಲೇ ಅದರಾಗ!”

“ಬೇಯಿಸಿದ ಮ್ಯಾಲೆ ಗುರುತು ಎಲ್ಲಿರ್ತೈತಿ ಅತ್ತಿ?”

“ಬೆಂದ್ರ ಇನ್ನೂ ಗಟ್ಟಿ ಆಗ್ತೈತಿ. ಇಟ್ಟಂಗಿ ನೋಡಿಲ್ಲೇನು?”



ಬ್ಯಾಂಕಿನಲ್ಲಂತೂ ಗುಮಾಸ್ತ ತಲೆ ಹಿಡಿದು ಕೂತನಂತೆ.

“ಅಮ್ಮಾ, ಕಾರ್ಡ್ ಕೊಡ್ರಿ.”

“ಸಂಡೂರಾಗೈತ್ರಿ.”

“ಮತ್ತ ಇಲ್ಲಿಗೆ ಯಾಕ ಬಂದ್ರಿ?”

“ಬೆರಳು ತಂದೀನಲ್ರಿ!”

ಹೋದ ವರ್ಷ ನಮ್ಮಪ್ಪ ತೀರಿಕೊಂಡರು. ಅತ್ತೆಗೆ ಅವರೊಬ್ಬರೇ ತಮ್ಮ. ಹೊಸಪೇಟೆಯಲ್ಲಿ ನಾವಿರುವ ಮನೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ಅಂದರೆ ಅರ್ಧ ಅತ್ತೆಯದು. ಅವಳು ಒಪ್ಪದೆ ಅವ್ವನ ಹೆಸರಿಗಾಗುವಂತಿಲ್ಲ. ಕೇಳೋಣವೆಂದರೆ ಅವ್ವ ಬಿಡಲಿಲ್ಲ. “ಅದು ಅವರ ತವರುಮನಿ. ಬಿಡ್ರಿ ಅಂತ ಯಾವ ಬಾಯಿಲೆ ಕೇಳ್ಲಿ?” ಎಂದು ತಿಂಗಳುಗಟ್ಟಲೆ ಒಳಗೊಳಗೇ ಕೊರಗಿದಳು.

ತನ್ನ ಮಗಳ ಮೂಲಕ ಸುದ್ದಿ ಮುಟ್ಟಿತೇನೋ, ಒಂದು ಬೆಳಿಗ್ಗೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು. ಸಂಡೂರಿಗೆ ಹೋಗಿ, ಕಾರ್ಡು ತೆಗೆದುಕೊಂಡೇ ಬಂದಿದ್ದಳು. ಹೆಬ್ಬೆರಳಿನ ಮೇಲೆ ಟೋಪಿ ಇರಲಿಲ್ಲ.

“ಹಕ್ಕು ಬಿಡೋ ಪತ್ರ ಬರೆಸಪ್ಪಾ. ಬರಿಯೋತನಕ ಇಲ್ಲೇ ಇರ್ತೀನಿ.”

ನೋಂದಣಿ ಕಚೇರಿಯ ಅಧಿಕಾರಿ ಪತ್ರ ಓದಿ ಹೇಳಿದ ಮೇಲೆ ಕೇಳಿದರು, “ಅಮ್ಮಾ, ಇನ್ನ ಆ ಮನಿ ಮ್ಯಾಲೆ ನಿಮಗ ಹಕ್ಕಿರಂಗಿಲ್ಲ. ತಿಳೀತೇನ್ರಿ?”

“ತಿಳೀತ್ರಿ. ನಮ್ಮ ತಮ್ಮನ ಹೇಣ್ತಿ ಮತ್ತ ಎಲ್ಲಿಗೆ ಹೋಗಬೇಕ್ರಿ?”

ಮೊದಲ ಸಲ ಯಂತ್ರ ಬೆರಳನ್ನು ಗುರುತಿಸಲಿಲ್ಲ. ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಈ ಸಲ ಕಾರ್ಡಿಗೂ ಬೆರಳಿಗೂ ತಾಳೆಯಾಯಿತು.

ಅವ್ವನೂ ಅತ್ತೆಯೂ ಹೊರಗೆ ಬಂದರು. ಅತ್ತೆ ಸ್ವಲ್ಪ ದೂರ ನಡೆದಳು. ಆಮೇಲೆ ನಿಂತು, ಮುಖ ಬೇರೆ ಕಡೆ ಮಾಡಿಕೊಂಡು, ಅವಳದಲ್ಲವೇನೋ ಅನ್ನಿಸುವಷ್ಟು ಸಣ್ಣ ದನಿಯಲ್ಲಿ ಕೇಳಿದಳು:

“ಪಂಚಮಿ ಹಬ್ಬಕ್ಕ ತವರಿಗೆ ನನ್ನ ಕರೀತೀ ಹೌದಿಲ್ಲೋ?”

ಅವ್ವ ರಸ್ತೆಯಲ್ಲೇ ಅವಳ ಕೊರಳಿಗೆ ಬಿದ್ದು ಅತ್ತಳು.